ಮುಟ್ಟಿ ನೋಡಲಾಗದವರಿಗಾಗಿ: ಆನ್‌ಲೈನ್ ಹರಾಜಿನಲ್ಲಿ ಛಾಯಾಚಿತ್ರದ ಕೆಲಸ

ಮಾನ್ಯರೇ,

ಹರಾಜಿನ ಹಳೆಯ ಪದ್ಧತಿಯಲ್ಲಿ ಬೆಲೆ ಕೂಗುವುದಕ್ಕೆ ಮುಂಚಿನ ಘಟ್ಟವೊಂದಿದೆ. ಲಂಡನ್ನಿನಲ್ಲಿ 1744ರಲ್ಲಿ ಆರಂಭವಾದ ಸದಬೀಸ್, 1766ರಲ್ಲಿ ಆರಂಭವಾದ ಕ್ರಿಸ್ಟೀಸ್ ಮುಂತಾದ ಸಂಸ್ಥೆಗಳು ಮಾರಾಟಕ್ಕೆ ಮೊದಲು ವಸ್ತುಗಳನ್ನು ಆಸಕ್ತರ ವೀಕ್ಷಣೆಗೆ ತೆರೆದಿಡುವ ಕ್ರಮವನ್ನು ಇಂದಿಗೂ ಉಳಿಸಿಕೊಂಡಿವೆ. ಇಂಥ ವೀಕ್ಷಣೆಗೆ ಬಂದವರು ಕುರ್ಚಿಯನ್ನು ಬೋರಲು ಹಾಕಿಸಿ ಕಾಲುಗಳ ಜೋಡಣೆ ನೋಡುತ್ತಾರೆ, ಪಿಂಗಾಣಿ ಬಟ್ಟಲನ್ನು ಮೆಲ್ಲಗೆ ತಟ್ಟಿ ಅದರ ನಾದ ಕೇಳುತ್ತಾರೆ, ಪುಸ್ತಕದ ಬೆನ್ನನ್ನು ಸವರಿ ಹೊಲಿಗೆ ಸಡಿಲವಾಗಿದೆಯೇ ಎಂದು ಪರೀಕ್ಷಿಸುತ್ತಾರೆ. ಎಷ್ಟರವರೆಗೆ ಕೂಗಬಹುದು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಮೂಡುವುದು ಆಮೇಲೆ. ಆನ್‌ಲೈನ್ ಹರಾಜು ಕೂಗುವ ಅವಕಾಶವನ್ನು ಲೋಕಕ್ಕೆಲ್ಲ ಕೊಟ್ಟಿತು, ಆದರೆ ಈ ಪರೀಕ್ಷೆಯ ಘಟ್ಟವನ್ನು ಕಿತ್ತುಕೊಂಡಿತು. ಅದರ ಜಾಗದಲ್ಲಿ ಉಳಿದಿರುವುದು ಮಾರುವವರು ಹಾಕುವ ಛಾಯಾಚಿತ್ರಗಳು ಮತ್ತು ಕೆಲವು ಸಾಲಿನ ವಿವರಣೆ.

ಆದ್ದರಿಂದ ನಾನು ಇಂದು ಒತ್ತಿ ಹೇಳಬಯಸುವ ಮಾತು ಇದು: ಹರಾಜಿಗಿಟ್ಟ ವಸ್ತುವಿನ ಚಿತ್ರವನ್ನು ಜಾಹೀರಾತು ಎಂದು ಭಾವಿಸಬಾರದು, ಅದನ್ನು ಪರೀಕ್ಷೆಯ ಅವಕಾಶ ಎಂದೇ ಭಾವಿಸಬೇಕು. ಈ ಎರಡು ಭಾವನೆಗಳಿಂದ ಹುಟ್ಟುವ ಚಿತ್ರಗಳು ಬೇರೆಬೇರೆ. ಜಾಹೀರಾತೆಂದು ತೆಗೆದವರು ವಸ್ತುವಿನ ಚೆಂದದ ಮುಖವನ್ನು ಹುಡುಕಿ, ಉಳಿದದ್ದನ್ನು ನೆರಳಿಗೆ ಬಿಡುತ್ತಾರೆ. ಪರೀಕ್ಷೆಗೆಂದು ತೆಗೆದವರು ಮಾತ್ರ, ಕೊಳ್ಳುವವರು ಈ ವಸ್ತುವನ್ನು ಕೈಗೆತ್ತಿಕೊಂಡಿದ್ದರೆ ಯಾವ ಮೂಲೆಯನ್ನು ಮೊದಲು ನೋಡುತ್ತಿದ್ದರು, ಎಲ್ಲಿ ಅನುಮಾನಪಡುತ್ತಿದ್ದರು, ಯಾವುದನ್ನು ತಿರುಗಿಸಿ ನೋಡುತ್ತಿದ್ದರು ಎಂದು ಯೋಚಿಸಿ, ಆ ಒಂದೊಂದು ನೋಟವನ್ನೂ ಚಿತ್ರವಾಗಿಸುತ್ತಾರೆ. ಎರಡನೆಯ ದಾರಿ ಪ್ರಾಮಾಣಿಕವಾದದ್ದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದೇ ಹೆಚ್ಚು ಲಾಭದ ದಾರಿಯೂ ಹೌದು ಎಂಬುದನ್ನು ಒಪ್ಪುವವರು ಕಡಿಮೆ. ಹಾಗಾಗಿ ತಂತ್ರದ ವಿಷಯಕ್ಕೆ ಹೋಗುವ ಮುನ್ನ ಈ ಲಾಭದ ಮಾತನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ತನ್ನ ಕಾರಿನ ಗುಣದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣ ಅವನು ಒಳ್ಳೆಯ ಕಾರಿಗೂ ಸಾಧಾರಣ ಕಾರಿನ ಬೆಲೆಯನ್ನಷ್ಟೇ ಕೊಡಲು ಸಿದ್ಧನಿರುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ, ಮಾರುಕಟ್ಟೆಯಲ್ಲಿ ಕಳಪೆ ಕಾರುಗಳೇ ಉಳಿಯುತ್ತವೆ, ಬೆಲೆ ಇನ್ನಷ್ಟು ಇಳಿಯುತ್ತದೆ. ಈ ಚಿಂತನೆಗಾಗಿ ಅಕರ್ಲಾಫ್ 2001ರಲ್ಲಿ ಮೈಕಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಆನ್‌ಲೈನ್ ಹರಾಜಿನಲ್ಲಿ ಮಂಕಾದ ಒಂದೇ ಒಂದು ಚಿತ್ರದೊಂದಿಗೆ ಮಾರಾಟಕ್ಕೆ ಬಂದ ಒಳ್ಳೆಯ ಕ್ಯಾಮೆರಾ ಅನುಭವಿಸುವುದು ಇದೇ ಸ್ಥಿತಿಯನ್ನು. ಅದು ಒಳ್ಳೆಯದು ಎಂದು ತಿಳಿಯುವ ಮಾರ್ಗವೇ ಇಲ್ಲದಿದ್ದಾಗ, ಕೆಟ್ಟಿರಬಹುದು ಎಂಬ ಲೆಕ್ಕದಲ್ಲೇ ಜನ ಬೆಲೆ ಕೂಗುತ್ತಾರೆ.

ಹರಾಜಿಗೆ ಇನ್ನೊಂದು ವಿಶೇಷ ಅಂಜಿಕೆಯೂ ಇದೆ. ತೈಲ ಉದ್ಯಮದ ಮೂವರು ಎಂಜಿನಿಯರುಗಳು 1971ರಲ್ಲಿ ಅದನ್ನು ಗುರುತಿಸಿ ಬರೆದರು. ತೈಲನಿಕ್ಷೇಪದ ಹಕ್ಕುಗಳ ಹರಾಜಿನಲ್ಲಿ ಗೆದ್ದ ಕಂಪನಿಗೆ ಆಮೇಲೆ ನಿರೀಕ್ಷಿಸಿದಷ್ಟು ಲಾಭ ಸಿಗುತ್ತಿರಲಿಲ್ಲ. ಏಕೆಂದರೆ ಎಲ್ಲರೂ ಅಂದಾಜಿನ ಮೇಲೆ ಕೂಗುವಾಗ, ಮೌಲ್ಯವನ್ನು ನಿಜಕ್ಕಿಂತ ಬಹಳ ಹೆಚ್ಚಾಗಿ ಅಂದಾಜು ಮಾಡಿದವರೇ ಗೆಲ್ಲುವ ಸಂಭವವಿದೆ. ಈ ಅಪಾಯವನ್ನು ಅರಿತ ಜಾಣ ಬಿಡ್‌ದಾರರು ತಮ್ಮ ಅಂದಾಜಿಗಿಂತ ಕೆಳಗೇ ನಿಲ್ಲುತ್ತಾರೆ. ವಸ್ತುವಿನ ಬಗ್ಗೆ ಅನಿಶ್ಚಿತತೆ ಹೆಚ್ಚಿದಷ್ಟೂ ಅವರು ಹೆಚ್ಚು ತಗ್ಗಿ ಕೂಗುತ್ತಾರೆ. ಪಾಲ್ ಮಿಲ್‌ಗ್ರಮ್ ಮತ್ತು ರಾಬರ್ಟ್ ವೆಬರ್ ಎಂಬ ಅರ್ಥಶಾಸ್ತ್ರಜ್ಞರು 1982ರಲ್ಲಿ ಇದರ ಮುಂದಿನ ಹೆಜ್ಜೆಯನ್ನು ಗಣಿತದಿಂದ ತೋರಿಸಿದರು. ಕೊಳ್ಳುವವರ ಅಂದಾಜುಗಳು ಒಂದಕ್ಕೊಂದು ಹೊಂದಿಕೊಂಡು ಏರಿಳಿಯುವ ಹರಾಜುಗಳಲ್ಲಿ, ಮಾರುವವರು ತಮಗೆ ಗೊತ್ತಿರುವುದನ್ನೆಲ್ಲ, ಅದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ನಂಬುವಂತೆ ಬಹಿರಂಗಪಡಿಸುವ ನೀತಿಯನ್ನು ಅನುಸರಿಸಿದರೆ ಸರಾಸರಿಯಲ್ಲಿ ಅವರಿಗೆ ಸಿಗುವ ಬೆಲೆ ಹೆಚ್ಚುತ್ತದೆ ಎಂಬುದು ಅವರ ನಿರ್ಣಯ. ಒಂದು ವಸ್ತುವಿನಲ್ಲಿ ದೋಷ ತೋರಿಸಿದ್ದರಿಂದ ಬೆಲೆ ಇಳಿಯಬಹುದು. ಆದರೆ ಎಲ್ಲವನ್ನೂ ತೋರಿಸುವವರೆಂಬ ನಂಬಿಕೆ ಬೆಳೆದ ಮೇಲೆ, ಅವರ ಎಲ್ಲ ವಸ್ತುಗಳಿಗೂ ತಗ್ಗಿಸಿ ಕೂಗುವ ಆ ಅಂಜಿಕೆಯೇ ಕಡಿಮೆಯಾಗುತ್ತದೆ.

ಛಾಯಾಚಿತ್ರಗಳಿಗೇ ನೇರವಾಗಿ ಸಂಬಂಧಿಸಿದ ಅಧ್ಯಯನವೂ ಇದೆ. ಅರ್ಥಶಾಸ್ತ್ರಜ್ಞ ಗ್ರೆಗರಿ ಲೂಯಿಸ್ 2011ರಲ್ಲಿ ಪ್ರಕಟಿಸಿದ ಪ್ರಬಂಧ ಇಬೇ ಎಂಬ ಆನ್‌ಲೈನ್ ಹರಾಜು ತಾಣದ ಬಳಸಿದ ಕಾರುಗಳ ಹರಾಜುಗಳನ್ನು ಪರಿಶೀಲಿಸುತ್ತದೆ. ಮಾರುವವರು ಪುಟದಲ್ಲಿ ಹಾಕುವ ಚಿತ್ರ ಮತ್ತು ಬರಹದ ಮಾಹಿತಿ ಬೆಲೆಯ ಮೇಲೆ ಬಲವಾದ ಪ್ರಭಾವ ಬೀರುತ್ತದೆ ಎಂಬುದನ್ನು ಅವರು ಕಂಡರು. ಅವರ ವಾದದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಅಂಶವೆಂದರೆ, ಪುಟದಲ್ಲಿ ತೋರಿಸಿದ್ದು ಕೇವಲ ಸುದ್ದಿಯಾಗಿ ಉಳಿಯದೆ, ಮಾರುವವರು ಕೊಟ್ಟ ಮಾತಾಗಿ ನಿಲ್ಲುತ್ತದೆ ಎಂಬುದು. ಚಿತ್ರದಲ್ಲಿ ಕಂಡಂತೆ ವಸ್ತು ಇಲ್ಲದಿದ್ದರೆ ಕೊಂಡವರು ಅದೇ ಚಿತ್ರವನ್ನು ಮುಂದಿಟ್ಟು ದೂರು ಕೊಡಬಹುದು. ಕೈಯಿಂದ ಮುಟ್ಟದ ವಸ್ತುವಿಗೆ ಅಪರಿಚಿತರು ದೊಡ್ಡ ಮೊತ್ತ ಕೂಗುವ ಧೈರ್ಯ ಇದರಿಂದಲೇ ಬರುತ್ತದೆ.

ಹರಾಜಿಗೂ ನಿಗದಿತ ಬೆಲೆಯ ಮಾರಾಟಕ್ಕೂ ಇರುವ ಇನ್ನೊಂದು ವ್ಯತ್ಯಾಸ ಕಾಲದ್ದು. ನಿಗದಿತ ಬೆಲೆಯ ವಸ್ತುವಿನ ಬಗ್ಗೆ ಅನುಮಾನ ಬಂದರೆ ಒಂದು ಪ್ರಶ್ನೆ ಕಳಿಸಿ ನಾಳೆಯವರೆಗೆ ಕಾಯಬಹುದು. ಹರಾಜು ಕಾಯುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ, ನಿಗದಿತ ಗಳಿಗೆಗೆ ಮುಗಿಯುವ ಇಬೇ ಹರಾಜುಗಳಲ್ಲಿ ಅನೇಕ ಬಿಡ್‌ಗಳು ಕೊನೆಯ ನಿಮಿಷಗಳಲ್ಲೇ ಬರುತ್ತವೆ ಎಂದು ತೋರಿಸಿತು. ಇನ್ನೊಂದು ಸ್ವಾರಸ್ಯವನ್ನೂ ಅವರು ಗಮನಿಸಿದರು: ಇಬೇಯಲ್ಲಿ ಈ ಕೊನೆಯ ಗಳಿಗೆಯ ಬಿಡ್‌ಗಳು ಕಂಪ್ಯೂಟರುಗಳಿಗಿಂತ ಪುರಾತನ ವಸ್ತುಗಳಿಗೆ ಹೆಚ್ಚು. ವಸ್ತುವಿನ ನಿಜವಾದ ಮೌಲ್ಯ ಬಲ್ಲ ಜಾಣರು ತಮ್ಮ ಆಸಕ್ತಿ ಉಳಿದವರಿಗೆ ಸುಳಿವಾಗದಿರಲೆಂದು ಕೊನೆಯವರೆಗೆ ಸುಮ್ಮನಿರುತ್ತಾರೆ. ಅಂಥವರು ಪ್ರಶ್ನೆ ಕೇಳುವ ಗೋಜಿಗೂ ಹೋಗಲಾರರು. ಅವರು ಚಿತ್ರವನ್ನು ಹಿಗ್ಗಿಸಿ ನೋಡುತ್ತಾರೆ, ಉತ್ತರ ಅಲ್ಲಿದ್ದರೆ ಕೂಗುತ್ತಾರೆ, ಇಲ್ಲದಿದ್ದರೆ ಸದ್ದಿಲ್ಲದೆ ಮುಂದೆ ಹೋಗುತ್ತಾರೆ. ಹಾಗೆ ಹೋದವರು ಎಷ್ಟು ಮಂದಿ ಎಂಬುದು ಮಾರುವವರಿಗೆ ಎಂದಿಗೂ ತಿಳಿಯುವುದಿಲ್ಲ.

ಈಗ ದೋಷಗಳ ಚಿತ್ರಕ್ಕೆ ಬರೋಣ. ಬಹುತೇಕರಿಗೆ ಕಷ್ಟವಾಗುವುದು ಇಲ್ಲಿಯೇ. ಪಿಯರ್ ಒಮಿಡ್ಯಾರ್ 1995ರಲ್ಲಿ ಆಕ್ಷನ್‌ವೆಬ್ ಎಂಬ ಹೆಸರಿನಲ್ಲಿ ಆರಂಭಿಸಿದ, ಮುಂದೆ ಇಬೇ ಆದ ತಾಣದಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋಗಿದ್ದ ಒಂದು ಲೇಸರ್ ಪಾಯಿಂಟರ್. ಅದು ಕೆಟ್ಟಿದೆಯೆಂಬುದು ತಿಳಿದಿದೆಯೇ ಎಂದು ಕೊಂಡವರನ್ನು ಕೇಳಿದಾಗ, ತಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವನೆಂಬ ಉತ್ತರ ಬಂತು. ದೋಷವಿರುವ ವಸ್ತುವಿಗೂ ಗಿರಾಕಿ ಇರುತ್ತಾರೆ. ಬಿಡಿಭಾಗ ಬೇಕಾದವರು, ರಿಪೇರಿ ಬಲ್ಲವರು, ಆ ದೋಷ ತಮ್ಮ ಬಳಕೆಗೆ ಅಡ್ಡಿಯಲ್ಲ ಎನ್ನುವವರು. ಅವರಿಗೆ ಬೇಕಾದದ್ದು ದೋಷ ಎಷ್ಟಿದೆ ಎಂಬ ನಿಖರ ಅಳತೆ. ‘ಅಂಚಿನಲ್ಲಿ ಸಣ್ಣ ಬಿರುಕಿದೆ’ ಎಂದು ಬರೆದು ಚಿತ್ರ ಹಾಕದೆ ಬಿಟ್ಟರೆ, ಓದಿದವರ ಕಲ್ಪನೆಯಲ್ಲಿ ಆ ಬಿರುಕು ಬಟ್ಟಲಿನ ತಳದವರೆಗೂ ಹರಿಯುತ್ತದೆ. ಅದನ್ನೇ ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೋರಿಸಿದಾಗ ಅದು 4 ಮಿಲಿಮೀಟರಿನ ಬಿರುಕು, ಅಷ್ಟೇ.

ಒಂದು ದೋಷಕ್ಕೆ ಎರಡು ಚಿತ್ರ ಬೇಕು ಎಂಬುದು ನನ್ನ ಅಭಿಪ್ರಾಯ. ಸ್ವಲ್ಪ ದೂರದಿಂದ ತೆಗೆದ ಒಂದು ಚಿತ್ರ, ಅದು ವಸ್ತುವಿನ ಯಾವ ಭಾಗದಲ್ಲಿದೆ, ಮಾಮೂಲು ನೋಟಕ್ಕೆ ಎಷ್ಟು ಕಾಣುತ್ತದೆ ಎಂದು ತಿಳಿಸಲು. ಹತ್ತಿರದಿಂದ ಇನ್ನೊಂದು, ಅದರ ಸ್ವರೂಪ ತಿಳಿಸಲು. ಹತ್ತಿರದ ಚಿತ್ರ ಮಾತ್ರ ಇದ್ದರೆ ಕೂದಲೆಳೆಯಷ್ಟಿನ ಗೀರು ಕೂಡ ಪರದೆಯ ತುಂಬ ಹರಡಿ ಭಯ ಹುಟ್ಟಿಸುತ್ತದೆ. ದೂರದ್ದು ಮಾತ್ರ ಇದ್ದರೆ ಏನನ್ನೋ ಮರೆಮಾಚಿದಂತೆ ತೋರುತ್ತದೆ.

ಬೆಳಕಿನ ವಿಷಯದಲ್ಲಿ ದುಬಾರಿ ಸಲಕರಣೆ ಬೇಕಿಲ್ಲ, ಆದರೆ ತಿಳಿವಳಿಕೆ ಬೇಕು. ಬೆಳಕಿನ ಮೂಲ ವಸ್ತುವಿಗೆ ಹೋಲಿಸಿದರೆ ದೊಡ್ಡದಾದಷ್ಟೂ ನೆರಳು ಮೃದುವಾಗುತ್ತದೆ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿಯ ಬಳಿ, ಕಿಟಕಿಗೆ ಪಕ್ಕವಾಗಿ ವಸ್ತುವನ್ನಿಟ್ಟು, ಎದುರು ಬದಿಯಲ್ಲಿ ಬಿಳಿ ಹಾಳೆಯೊಂದನ್ನು ನಿಲ್ಲಿಸಿದರೆ ನೆರಳಿನ ಭಾಗಕ್ಕೂ ಬೆಳಕು ತಿರುಗಿ ಬೀಳುತ್ತದೆ. ಕ್ಯಾಮೆರಾದ ಮೇಲಿನ ಫ್ಲಾಶ್ ಇದಕ್ಕೆ ವಿರುದ್ಧವಾದದ್ದು. ಅದು ಸಣ್ಣ ಮೂಲ, ಮೇಲಾಗಿ ಲೆನ್ಸಿನ ದಿಕ್ಕಿನಿಂದಲೇ ಬರುವುದರಿಂದ ಮೇಲ್ಮೈಯ ಏರುತಗ್ಗುಗಳನ್ನೆಲ್ಲ ಅಳಿಸಿ, ಹೊಳೆಯುವ ಜಾಗದಲ್ಲಿ ಬಿಳಿ ಮಚ್ಚೆ ಬಿಡುತ್ತದೆ. ಹರಾಜಿನ ಚಿತ್ರಕ್ಕೆ ಬೇಕಾದದ್ದು ಆ ಏರುತಗ್ಗುಗಳೇ. ಕಾಗದದ ಮಡಿಕೆ, ಮರದ ಮೇಲಿನ ಗೀರು, ನೇಯ್ಗೆಯ ಸವೆತ, ಲೋಹದ ಮೇಲಿನ ಕೆತ್ತನೆ ಇವೆಲ್ಲ ಮೇಲ್ಮೈಗೆ ಸವರಿಕೊಂಡು ಹೋಗುವಂತೆ ಪಕ್ಕದಿಂದ ಬಿಟ್ಟ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಗಾಜು, ಪಿಂಗಾಣಿಗಳ ಬಿರುಕಿಗೆ ಹಿಂದಿನಿಂದ ಬರುವ ಬೆಳಕು ಸರಿ. ಹಳೆಯ ಕ್ಯಾಮೆರಾ ಲೆನ್ಸಿನೊಳಗೆ ಬೂಷ್ಟು ಬೆಳೆದಿಲ್ಲವೆಂದು ತೋರಿಸಬೇಕಾದರೆ ಅದರ ಮೂಲಕ ಟಾರ್ಚಿನ ಬೆಳಕು ಹಾಯಿಸಿ ಚಿತ್ರ ತೆಗೆಯಬೇಕು. ಹಳೆಯ ಲೆನ್ಸುಗಳನ್ನು ಕೊಳ್ಳುವವರು ಮೊದಲು ಹುಡುಕುವುದೇ ಆ ಚಿತ್ರವನ್ನು.

ಬಣ್ಣ ಹೆಚ್ಚು ಜಗಳಗಳಿಗೆ ಮೂಲವಾದ ವಿಷಯ. ನಡುಹಗಲಿನ ಬೆಳಕಿನ ವರ್ಣತಾಪ, ಅಂದರೆ ಬೆಳಕು ನೀಲಿಯತ್ತ ವಾಲಿದೆಯೋ ಹಳದಿಯತ್ತಲೋ ಎಂಬುದರ ಅಳತೆ, ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು ಸುಮಾರು 2700 ಕೆಲ್ವಿನ್. ಬಿಳಿಯನ್ನು ಬಿಳಿಯಾಗಿಯೇ ತೋರಿಸಲೆಂದು ಕ್ಯಾಮೆರಾದಲ್ಲಿರುವ ವೈಟ್ ಬ್ಯಾಲೆನ್ಸ್ ವ್ಯವಸ್ಥೆ ಈ ವ್ಯತ್ಯಾಸವನ್ನು ಸರಿದೂಗಿಸಲು ನೋಡುತ್ತದೆ, ಆದರೆ ಒಂದು ಬದಿಯಿಂದ ಕಿಟಕಿ, ಇನ್ನೊಂದು ಬದಿಯಿಂದ ಬಲ್ಬು ಎಂದು ಎರಡೂ ಬೆರೆತಾಗ ಅದು ಸೋಲುತ್ತದೆ. ಸೀರೆಯ ಒಂದು ಅಂಚು ನೀಲಿಯಾಗಿಯೂ ಇನ್ನೊಂದು ಕಂದಾಗಿಯೂ ಕಾಣುತ್ತದೆ. ಒಂದೇ ಬಗೆಯ ಬೆಳಕಿನಲ್ಲಿ ತೆಗೆಯುವುದು ಇದಕ್ಕೆ ಸರಳ ಪರಿಹಾರ. ಇನ್ನೊಂದು ತೊಡಕು ಬೆಳಕಿನ ಪ್ರಮಾಣದ್ದು. ಕ್ಯಾಮೆರಾದ ಬೆಳಕು ಅಳೆಯುವ ವ್ಯವಸ್ಥೆ ತನ್ನ ಮುಂದಿರುವ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದು ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಅದರಿಂದ ಬಿಳಿ ಹಾಳೆಯ ಮೇಲಿಟ್ಟ ಬಿಳಿ ಬಟ್ಟಲು ಕೊಳೆಯಾದ ಬೂದಿಯಂತೆ, ಕಪ್ಪು ಬಟ್ಟೆಯ ಮೇಲಿನ ಕಪ್ಪು ಚೀಲ ಮಾಸಿದಂತೆ ಬರುತ್ತದೆ. ಫೋನಿನ ಪರದೆಯಲ್ಲಿ ವಸ್ತುವಿನ ಮೇಲೆ ಬೆರಳಿಟ್ಟು, ಪ್ರಕಾಶವನ್ನು ಮೊದಲನೆಯದಕ್ಕೆ ಸ್ವಲ್ಪ ಏರಿಸಿ, ಎರಡನೆಯದಕ್ಕೆ ಸ್ವಲ್ಪ ಇಳಿಸಿದರೆ ಸಾಕು. ನೋಡುವವರ ಪರದೆಗಳು ಬೇರೆಬೇರೆಯಾಗಿರುವುದರಿಂದ, ಬಣ್ಣವೇ ಮುಖ್ಯವಾದ ವಸ್ತುವಿನ ವಿವರಣೆಯಲ್ಲಿ ಬಣ್ಣವನ್ನು ಮಾತಿನಲ್ಲೂ ಹೇಳಿಬಿಡುವುದು ಕ್ಷೇಮ.

ಆಕಾರದ ಬಗ್ಗೆ ಒಂದು ಮಾತು. ಫೋನುಗಳ ಮುಖ್ಯ ಲೆನ್ಸು ಅಗಲ ನೋಟದ್ದು. ಅದನ್ನು ವಸ್ತುವಿನ ತೀರ ಹತ್ತಿರಕ್ಕೆ ಒಯ್ದರೆ ಮುಂದಿನ ಭಾಗ ಉಬ್ಬಿ ಹಿಂದಿನದು ಕುಗ್ಗುತ್ತದೆ, ಹೂಜಿಯ ಬಾಯಿ ದೊಡ್ಡದಾಗಿ ತಳ ಚಿಕ್ಕದಾಗಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ಎರಡರಷ್ಟು ಜೂಮ್‌ನಲ್ಲಿ ತೆಗೆದರೆ ಆಕಾರ ನಿಜಕ್ಕೆ ಹತ್ತಿರವಾಗುತ್ತದೆ. ಕೈ ನಡುಗಿದ ಚಿತ್ರವನ್ನು ಯಾವ ತಂತ್ರಾಂಶವೂ ಪೂರ್ತಿ ಉಳಿಸಲಾರದು. ಟ್ರೈಪಾಡ್ ಇಲ್ಲದಿದ್ದರೆ ಪುಸ್ತಕಗಳ ರಾಶಿಯ ಮೇಲೆ ಫೋನನ್ನು ಒರಗಿಸಿ, ಎರಡು ಸೆಕೆಂಡಿನ ಟೈಮರ್ ಇಟ್ಟರೂ ಆದೀತು. ಗಾತ್ರ ತಿಳಿಯುವಂತೆ ಒಂದು ಚಿತ್ರದಲ್ಲಾದರೂ ಅಳತೆಪಟ್ಟಿ ಇರಲಿ.

ಹೊಳೆಯುವ ವಸ್ತುಗಳು ತಾಳ್ಮೆ ಬೇಡುತ್ತವೆ. ಬೆಳ್ಳಿಯ ಲೋಟವೊಂದರ ಚಿತ್ರ ಎಂದರೆ ಅದರಲ್ಲಿ ಪ್ರತಿಫಲಿಸಿದ ಕೋಣೆಯ ಚಿತ್ರವೇ. ತೆಗೆಯುವವರ ಮುಖ, ಮನೆಯ ಕಿಟಕಿ, ಮೇಜಿನ ಮೇಲಿನ ಕಾಗದಪತ್ರಗಳೂ ಅದರಲ್ಲಿ ಬಂದುಬಿಡಬಹುದು. ಲೆನ್ಸಿನ ಮುಂದೆ ಹಾಕುವ ಪೋಲರೈಸಿಂಗ್ ಫಿಲ್ಟರ್ ಎಂಬ ಶೋಧಕ ಗಾಜು, ಮೆರುಗೆಣ್ಣೆ, ನೀರಿನಂಥ ಮೇಲ್ಮೈಗಳ ಪ್ರತಿಫಲನವನ್ನು ತಗ್ಗಿಸುತ್ತದೆ, ಲೋಹದ ಮೇಲೆ ಅದರ ಆಟ ನಡೆಯುವುದಿಲ್ಲ. ಲೋಹಕ್ಕೆ ಇರುವ ಉಪಾಯ ಸುತ್ತಲೂ ಬಿಳಿ ಬಟ್ಟೆ ಅಥವಾ ಹಾಳೆ ಹಿಡಿದು, ಪ್ರತಿಫಲಿಸಲು ಬಿಳಿಯನ್ನಷ್ಟೇ ಉಳಿಸುವುದು. ನಾಣ್ಯಗಳನ್ನು ತೆಗೆಯುವವರು ಲೆನ್ಸಿಗೂ ನಾಣ್ಯಕ್ಕೂ ನಡುವೆ ಗಾಜಿನ ಹಲ್ಲೆಯೊಂದನ್ನು 45 ಡಿಗ್ರಿ ಓರೆಯಾಗಿ ಹಿಡಿದು, ಪಕ್ಕದಿಂದ ಬಿಟ್ಟ ಬೆಳಕು ಆ ಗಾಜಿನಿಂದ ಕೆಳಗಿಳಿದು ನಾಣ್ಯದ ಮೇಲೆ ನೇರವಾಗಿ ಬೀಳುವಂತೆ ಮಾಡುತ್ತಾರೆ. ಹೀಗೆ ತೆಗೆದ ಚಿತ್ರದಲ್ಲಿ ಸವೆದ ಅಕ್ಷರಗಳೂ ಓದಲು ಬರುತ್ತವೆ.

ಏನನ್ನು ತೆಗೆಯಬೇಕೆಂಬುದನ್ನು ಆಯಾ ವಸ್ತುವಿನ ಬಲ್ಲವರಿಂದ ಕಲಿಯಬೇಕು. ಪುಸ್ತಕಕ್ಕೆ ಮುಖಪುಟದಷ್ಟೇ ಮುಖ್ಯವಾದದ್ದು ಮುದ್ರಣದ ವಿವರವಿರುವ ಪುಟ, ಏಕೆಂದರೆ ಮೊದಲ ಮುದ್ರಣವೋ ಅಲ್ಲವೋ ಎಂಬುದು ತಿಳಿಯುವುದು ಅಲ್ಲಿ. ಅಂಚೆಚೀಟಿಗೆ ಹಿಂಬದಿ ಬೇಕು, ಅಂಟು ಉಳಿದಿದೆಯೇ ಎಂದು ನೋಡಲು. ಅಂಚಿನ ರಂಧ್ರಗಳ ಸಾಲು ಪೂರ್ತಿ ಚೌಕಟ್ಟಿನೊಳಗೆ ಬರಬೇಕು. ಪಿಂಗಾಣಿಗೆ ತಳದ ಗುರುತು, ಒಡವೆಗೆ ಶುದ್ಧತೆಯ ಮುದ್ರೆ, ಬಟ್ಟೆಗೆ ಒಳಗಿನ ಲೇಬಲ್ ಮತ್ತು ಚಪ್ಪಟೆಯಾಗಿ ಹಾಸಿ ಟೇಪಿನೊಂದಿಗೆ ತೆಗೆದ ಅಳತೆ, ಮೇಜಿಗೆ ಡ್ರಾಯರನ್ನು ಹೊರಗೆಳೆದು ತೋರಿಸಿದ ಮರದ ಜೋಡಣೆ. ವಿದ್ಯುತ್ ಉಪಕರಣಗಳನ್ನು ಚಾಲೂ ಮಾಡಿ, ಪರದೆ ಬೆಳಗಿರುವಾಗ ತೆಗೆಯಬೇಕು. ಆರಿದ ಪರದೆಯ ಚಿತ್ರ ಏನನ್ನೂ ಸಾಬೀತುಪಡಿಸುವುದಿಲ್ಲ. ತಂತಿ, ಚಾರ್ಜರ್, ಮುಚ್ಚಳ, ಪೆಟ್ಟಿಗೆ ಹೀಗೆ ಜೊತೆಗೆ ಕೊಡುವುದನ್ನೆಲ್ಲ ಒಟ್ಟಿಗೆ ಹರವಿದ ಒಂದು ಚಿತ್ರ ಮುಂದೆ ಬರಬಹುದಾದ ಅನೇಕ ತಕರಾರುಗಳನ್ನು ತಡೆಯುತ್ತದೆ.

ಹುಡುಕಾಟದ ಪಟ್ಟಿಯಲ್ಲಿ ಕಾಣುವ ಮೊದಲ ಚಿತ್ರ ಬೆರಳಗಲದಷ್ಟೇ ಇರುವುದರಿಂದ ಅದರಲ್ಲಿ ವಸ್ತುವೊಂದೇ ಇರಲಿ, ಹಿನ್ನೆಲೆ ಸಾದಾ ಇರಲಿ, ಚೌಕಟ್ಟನ್ನು ವಸ್ತುವೇ ತುಂಬಲಿ. ಇಬೇ ಚಿತ್ರದ ಉದ್ದನೆಯ ಬದಿ ಕನಿಷ್ಠ 500 ಪಿಕ್ಸೆಲ್ ಇರಬೇಕೆಂದು ನಿಯಮ ಮಾಡಿದೆ, ಹಿಗ್ಗಿಸಿ ನೋಡಲು ಅನುಕೂಲವಾಗುವಂತೆ 1600 ಪಿಕ್ಸೆಲ್ ಇರಲೆಂದು ಸಲಹೆ ಕೊಡುತ್ತದೆ, ಚಿತ್ರದ ಮೇಲೆ ಬರಹ ಮತ್ತು ಅಲಂಕಾರದ ಅಂಚುಗಳನ್ನು ಒಪ್ಪುವುದಿಲ್ಲ. ಇವು ಎಲ್ಲ ತಾಣಗಳಿಗೂ ಸಲ್ಲುವ ನಿಯಮಗಳೆಂದೇ ನಾನು ಎಣಿಸುತ್ತೇನೆ.

ತಯಾರಕರ ಜಾಹೀರಾತಿನಿಂದಲೋ ಇನ್ನೊಬ್ಬ ಮಾರಾಟಗಾರರ ಪುಟದಿಂದಲೋ ಚಿತ್ರ ಎತ್ತಿಕೊಳ್ಳುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂಬುದು ಹಾಗಿರಲಿ, ಬಳಸಿದ ವಸ್ತುವಿಗೆ ಅದು ಸುಳ್ಳು ಸಾಕ್ಷಿ. ಚಿತ್ರದಿಂದಲೇ ಚಿತ್ರವನ್ನು ಹುಡುಕುವ ಸೌಲಭ್ಯ ಈಗ ಎಲ್ಲರ ಕೈಯಲ್ಲಿರುವುದರಿಂದ ಅದು ಕ್ಷಣದಲ್ಲಿ ಬಯಲಾಗುತ್ತದೆ, ಮತ್ತು ಕದ್ದ ಚಿತ್ರ ಕಂಡವರು ವಸ್ತುವೇ ಇಲ್ಲವೆಂದು ತೀರ್ಮಾನಿಸುವುದು ಸಹಜ. ಬೆಲೆಬಾಳುವ ವಸ್ತುವಿನ ಪಕ್ಕದಲ್ಲಿ ತಾಣದಲ್ಲಿನ ನಿಮ್ಮ ಹೆಸರನ್ನೂ ದಿನಾಂಕವನ್ನೂ ಕೈಯಲ್ಲಿ ಬರೆದ ಚೀಟಿ ಇಟ್ಟು ಒಂದು ಚಿತ್ರ ತೆಗೆದು ಹಾಕಿದರೆ ಆ ಅನುಮಾನ ಬಹುಮಟ್ಟಿಗೆ ಕಳೆಯುತ್ತದೆ. ಫೋನಿನ ಚಿತ್ರದ ಕಡತದಲ್ಲಿ ತೆಗೆದ ಸ್ಥಳದ ಮಾಹಿತಿಯೂ ಅಡಗಿರಬಹುದು. ಚಿತ್ರವನ್ನು ಹಾಕುವ ಮೊದಲು ಆ ಮಾಹಿತಿಯನ್ನು ತೆಗೆದುಹಾಕಿ.

ಉಪನ್ಯಾಸದ ನಂತರ ಸಭಿಕರೊಬ್ಬರು, ಚಿತ್ರವನ್ನು ತಿದ್ದುವುದು ಎಲ್ಲಿಯವರೆಗೆ ಸರಿ ಎಂದು ಕೇಳಿದರು. ನನ್ನ ಉತ್ತರ ಇದು: ಪ್ರಕಾಶ, ಬಣ್ಣ, ವಾಲಿದ ಕೋನ ಇವುಗಳನ್ನು ವಸ್ತು ಕಣ್ಣಿಗೆ ಕಾಣುವಂತೆ ಬರುವವರೆಗೆ ತಿದ್ದಬಹುದು, ಹಿನ್ನೆಲೆಯನ್ನು ಅಳಿಸಬಹುದು. ವಸ್ತುವಿನ ಮೇಲ್ಮೈಯನ್ನು ಮಾತ್ರ ಮುಟ್ಟಬಾರದು. ಇಂದಿನ ಫೋನುಗಳು ಮತ್ತು ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳದೆಯೇ ಮೇಲ್ಮೈಯನ್ನು ನಯಗೊಳಿಸಿ ಗೀರುಗಳನ್ನು ಮಾಯ ಮಾಡುವುದುಂಟು, ಆದ್ದರಿಂದ ಅಂತಿಮ ಚಿತ್ರವನ್ನು ಕೈಯಲ್ಲಿರುವ ವಸ್ತುವಿನ ಪಕ್ಕದಲ್ಲಿಟ್ಟು ಒಮ್ಮೆ ಹೋಲಿಸಿ ನೋಡಲೇಬೇಕು. ತಿದ್ದದ ಮೂಲ ಚಿತ್ರಗಳನ್ನೂ, ಪೆಟ್ಟಿಗೆಗೆ ತುಂಬುವಾಗ ತೆಗೆದ ಚಿತ್ರಗಳನ್ನೂ, ಕೊಂಡವರು ಹಿಂದಿರುಗಿಸಲು ಇರುವ ಅವಧಿ ಮುಗಿಯುವವರೆಗೆ ಅಳಿಸಬೇಡಿ. ವಸ್ತು ದಾರಿಯಲ್ಲಿ ಒಡೆಯಿತೋ, ಒಡೆದದ್ದನ್ನೇ ಕಳಿಸಲಾಯಿತೋ ಎಂಬ ವಿವಾದ ಎದ್ದರೆ ತಾಣದವರು ಎರಡೂ ಕಡೆಯವರಿಂದ ಕೇಳುವುದು ಚಿತ್ರಗಳನ್ನೇ.